ಯು ಟರ್ನ್ (೨೦೧೬ರ ಕನ್ನಡ ಚಲನಚಿತ್ರ)

ಯು ಟರ್ನ್ ೨೦೧೬ರ ಮೇ ೨೦ರಂದು ತೆರೆಕಂಡ ಕನ್ನಡದ ಸಸ್ಪೆನ್ಸ್ ಚಲನಚಿತ್ರ. ಇದರ ಕಥೆ, ನಿರ್ದೇಶನ ಮತ್ತು ನಿರ್ಮಾಣ ಪವನ್ ಕುಮಾರ್ ಅವರದು. ಶ್ರದ್ಧಾ ಶ್ರೀನಾಥ್, ರೋಜರ್ ನಾರಾಯಣ್, ದಿಲೀಪ್ ರಾಜ್ ಮತ್ತು ರಾಧಿಕಾ ಚೇತನ್ ಮುಖ್ಯ ಪಾತ್ರಗಳಲ್ಲಿ ಅಭಿನಯಿಸಿದ್ದಾರೆ. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯ ಮೇಲೆ ರಸ್ತೆ ವಿಭಜಕದ ಕಲ್ಲುಗಳನ್ನು ಸರಿಸಿ, ನಿಯಮ ಮೀರಿ ವಾಹನ ತಿರುಗಿಸಿಕೊಂಡು ಹೋಗುವವರು ಅದೇ ದಿನ ಸಾವಿಗೀಡಾಗುವುದು ಚಿತ್ರದ ಕಥಾವಸ್ತು. ನಾಯಕನಟನನ್ನು ಕೇಂದ್ರದಲ್ಲಿರಿಸದ ಈ ಚಿತ್ರ ಮುಂದೆ ಭಾರತದ ಹಲವು ಭಾಷೆಗಳಲ್ಲಿಯೂ ಫಿಲಿಪ್ಪೀನ್ಸ್ ದೇಶದಲ್ಲಿಯೂ ಮರುನಿರ್ಮಾಣಗೊಂಡಿತು.

ಈ ಲೇಖನದ ಕಥಾಸಾರ ಮತ್ತು ವಿಶ್ಲೇಷಣೆಯ ಭಾಗಗಳಲ್ಲಿ ಚಿತ್ರದ ಅಂತ್ಯವೂ ಸೇರಿದಂತೆ ಕಥೆಯ ಮುಖ್ಯ ರಹಸ್ಯಗಳ ವಿವರಣೆಯಿದೆ.

ಹಿನ್ನೆಲೆ

ಪವನ್ ಕುಮಾರ್ ರಂಗಭೂಮಿಯ ಹಿನ್ನೆಲೆಯಿಂದ ಚಿತ್ರರಂಗಕ್ಕೆ ಬಂದವರು. ಯೋಗರಾಜ ಭಟ್ಟರ ಮನಸಾರೆ (೨೦೦೯) ಮತ್ತು ಪಂಚರಂಗಿ (೨೦೧೦) ಚಿತ್ರಗಳ ಬರವಣಿಗೆಯಲ್ಲಿ ಭಾಗಿಯಾಗಿದ್ದ ಅವರು ಲೈಫು ಇಷ್ಟೇನೆ (೨೦೧೧) ಚಿತ್ರದ ಮೂಲಕ ನಿರ್ದೇಶಕರಾದರು. ಅವರ ಎರಡನೆಯ ಚಿತ್ರ ಲೂಸಿಯಾ (೨೦೧೩) ಪ್ರೇಕ್ಷಕರಿಂದಲೇ ಅಂತರಜಾಲದ ಮೂಲಕ ಸುಮಾರು ೫೦ ಲಕ್ಷ ರೂಪಾಯಿ ಸಂಗ್ರಹಿಸಿ ನಿರ್ಮಿಸಿದ ಚಿತ್ರವಾಗಿದ್ದು, ಲಂಡನ್ ಭಾರತೀಯ ಚಲನಚಿತ್ರೋತ್ಸವದಲ್ಲಿ ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿ ಪಡೆಯಿತು. ಕನಸು ಮತ್ತು ಎಚ್ಚರಗಳ ಗಡಿಯನ್ನು ಕಲಸಿದ ಲೂಸಿಯಾದ ನಂತರ ಅವರು ಕೈಗೆತ್ತಿಕೊಂಡು ತೆರೆಗೆ ತಂದ ಚಿತ್ರ ಯು ಟರ್ನ್. ಲೂಸಿಯಾದ ಕಥೆ ಮನಸ್ಸಿನೊಳಗೆ ನಡೆದರೆ ಯು ಟರ್ನ್ ಚಿತ್ರದ ಕಥೆ ಹುಟ್ಟುವುದು ದಿನನಿತ್ಯದ ಬೀದಿಯಲ್ಲಿ.

ಕಥೆಯ ಬೀಜ ನಿರ್ದೇಶಕರು ತಮ್ಮ ಊರಿನ ರಸ್ತೆಯಲ್ಲಿ ಕಂಡ ಸಂಗತಿಯಿಂದ ಬಂದದ್ದು. ಮೇಲ್ಸೇತುವೆಯ ಮೇಲೆ ವಾಹನ ದಟ್ಟಣೆಯಲ್ಲಿ ಸಿಲುಕಿದ ದ್ವಿಚಕ್ರ ವಾಹನ ಸವಾರರು ಮಧ್ಯದ ಸಿಮೆಂಟು ಕಲ್ಲನ್ನು ಬದಿಗೆ ಸರಿಸಿ, ಎದುರು ಪಥಕ್ಕೆ ನುಗ್ಗಿ ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದರು. ಸರಿಸಿದ ಕಲ್ಲನ್ನು ಯಾರೂ ಮತ್ತೆ ಸ್ವಸ್ಥಾನದಲ್ಲಿ ಇಡುತ್ತಿರಲಿಲ್ಲ. ಕತ್ತಲೆಯಲ್ಲಿ ವೇಗವಾಗಿ ಬರುವ ಮತ್ತೊಬ್ಬ ಸವಾರನಿಗೆ ಆ ಕಲ್ಲು ಏನಾಗಬಹುದೆಂಬ ಪ್ರಶ್ನೆಯೇ ಚಿತ್ರವಾಗಿ ಬೆಳೆಯಿತು.

ಸ್ಥಳ

ಡಬಲ್ ರೋಡ್ ಎಂದು ಜನಬಳಕೆಯಲ್ಲಿರುವ ರಸ್ತೆಯ ಅಧಿಕೃತ ಹೆಸರು ಕೆಂಗಲ್ ಹನುಮಂತಯ್ಯ ರಸ್ತೆ. ವಿಧಾನಸೌಧದ ನಿರ್ಮಾಣಕ್ಕೆ ಕಾರಣರಾದ ಮುಖ್ಯಮಂತ್ರಿಯ ಹೆಸರನ್ನು ಹೊತ್ತ ಈ ರಸ್ತೆ ಲಾಲ್‌ಬಾಗ್ ಕಡೆಯಿಂದ ಶಾಂತಿನಗರದ ಬಸ್ ನಿಲ್ದಾಣವನ್ನು ಹಾದು ರಿಚ್ಮಂಡ್ ವೃತ್ತದತ್ತ ಸಾಗುತ್ತದೆ. ಜಯನಗರ, ವಿಲ್ಸನ್ ಗಾರ್ಡನ್ ಮೊದಲಾದ ದಕ್ಷಿಣದ ಬಡಾವಣೆಗಳಿಂದ ನಗರದ ನಡುಭಾಗದ ಕಚೇರಿಗಳಿಗೆ ಹೋಗುವವರಿಗೆ ಇದು ಪರಿಚಿತ ದಾರಿ.

ಕನ್ನಡದ ಸಸ್ಪೆನ್ಸ್ ಚಿತ್ರಗಳು ಬಹುಕಾಲ ಮಲೆನಾಡಿನ ಒಂಟಿ ಬಂಗಲೆ, ಕಾಡುದಾರಿ, ಮಂಜು ಕವಿದ ಬೆಟ್ಟಗಳನ್ನು ನೆಚ್ಚಿಕೊಂಡಿದ್ದವು. ಅಂತಹ ಸ್ಥಳಗಳಲ್ಲಿ ಭಯಕ್ಕೆ ಪ್ರಕೃತಿಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಯು ಟರ್ನ್ ಚಿತ್ರ ಆ ನೆರವನ್ನು ತೊರೆದು, ಪ್ರೇಕ್ಷಕನು ಚಿತ್ರಮಂದಿರದಿಂದ ಮನೆಗೆ ಹಿಂದಿರುಗುವಾಗ ದಾಟಬೇಕಾದ ರಸ್ತೆಯನ್ನೇ ಭಯದ ನೆಲೆಯಾಗಿ ಆರಿಸಿಕೊಂಡಿತು. ಊಹಿಸಿದ ಹೆಸರೊಂದನ್ನು ಇಡದೆ ನಿಜವಾದ ಸೇತುವೆಯ ಹೆಸರನ್ನೇ ಉಳಿಸಿಕೊಂಡದ್ದು ಈ ಆಯ್ಕೆಯನ್ನು ಗಟ್ಟಿಗೊಳಿಸಿತು.

ಕಥಾಸಾರ

ರಚನಾ (ಶ್ರದ್ಧಾ ಶ್ರೀನಾಥ್) ಆಂಗ್ಲ ದಿನಪತ್ರಿಕೆಯೊಂದರ ತರಬೇತಿ ವರದಿಗಾರ್ತಿ. ಡಬಲ್ ರೋಡ್ ಮೇಲ್ಸೇತುವೆಯಲ್ಲಿ ನಡೆಯುವ ಅಪಘಾತಗಳ ಬಗ್ಗೆ ಲೇಖನವೊಂದನ್ನು ಸಿದ್ಧಪಡಿಸುವುದು ಅವಳ ಉದ್ದೇಶ. ಸೇತುವೆಯ ಮೇಲೆಯೇ ದಿನ ಕಳೆಯುವ ನಿರ್ಗತಿಕನೊಬ್ಬ, ಕಲ್ಲು ಸರಿಸಿ ಹಿಂದಿರುಗುವ ವಾಹನಗಳ ಸಂಖ್ಯೆಯನ್ನು ಬರೆದಿಟ್ಟು ಅವಳಿಗೆ ಒದಗಿಸುತ್ತಾನೆ. ಸಂಚಾರ ವಿಭಾಗದಲ್ಲಿ ತನಗಿರುವ ಪರಿಚಯವನ್ನು ಬಳಸಿ ಅವಳು ಆ ವಾಹನಗಳ ಮಾಲೀಕರ ವಿಳಾಸಗಳನ್ನು ಪಡೆಯುತ್ತಾಳೆ. ನಿಯಮವನ್ನು ಏಕೆ ಮುರಿದಿರೆಂದು ಅವರನ್ನೇ ನೇರವಾಗಿ ಕೇಳಿ, ಉತ್ತರಗಳನ್ನು ಲೇಖನದಲ್ಲಿ ಪೋಣಿಸಬೇಕೆಂಬುದು ಅವಳ ಯೋಜನೆ. ಪತ್ರಿಕೆಯ ಅಪರಾಧ ವರದಿಗಾರ ಆದಿತ್ಯನ (ದಿಲೀಪ್ ರಾಜ್) ಬಗ್ಗೆ ಅವಳಿಗೆ ಒಲವಿದೆ.

ಪಟ್ಟಿಯಲ್ಲಿದ್ದ ಮೊದಲ ವ್ಯಕ್ತಿಯನ್ನು ಭೇಟಿಯಾಗಲು ಅವಳು ಮಾಡಿದ ಪ್ರಯತ್ನ ಕೈಗೂಡುವುದಿಲ್ಲ. ಅದೇ ವ್ಯಕ್ತಿ ಸತ್ತಿರುವುದು ತಿಳಿದಾಗ ಪೊಲೀಸರ ಸಂದೇಹ ಅವಳ ಮೇಲೆಯೇ ಬೀಳುತ್ತದೆ. ಸಬ್ ಇನ್‌ಸ್ಪೆಕ್ಟರ್ ನಾಯಕ್ (ರೋಜರ್ ನಾರಾಯಣ್) ಮಾತ್ರ ಅವಳ ಹೇಳಿಕೆಯನ್ನು ಪರಿಶೀಲಿಸಲು ಮುಂದಾಗುತ್ತಾನೆ. ಪಟ್ಟಿಯ ಉಳಿದ ಹೆಸರುಗಳನ್ನು ಹಿಂಬಾಲಿಸಿದಾಗ ಎಲ್ಲರೂ ಆತ್ಮಹತ್ಯೆ ಮಾಡಿಕೊಂಡವರೆಂದು ದಾಖಲೆಗಳು ಹೇಳುತ್ತವೆ. ಅದಕ್ಕಿಂತ ವಿಚಿತ್ರವಾದ ಸಂಗತಿಯೆಂದರೆ, ಪ್ರತಿಯೊಬ್ಬರೂ ಸೇತುವೆಯ ಮೇಲೆ ಕಲ್ಲು ಸರಿಸಿದ ದಿನವೇ ಸತ್ತಿದ್ದಾರೆ.

ಹೊಸದಾಗಿ ತಪ್ಪು ತಿರುವು ತೆಗೆದುಕೊಂಡವರನ್ನು ಉಳಿಸಲು ರಚನಾ ಮತ್ತು ನಾಯಕ್ ಮಾಡುವ ಪ್ರಯತ್ನ ವಿಫಲವಾಗುತ್ತದೆ. ಠಾಣೆಯೊಳಗೆ, ಪೊಲೀಸರ ಕಣ್ಣೆದುರಿನಲ್ಲಿಯೇ ಇಬ್ಬರು ಯುವಕರು ಸಾಯುತ್ತಾರೆ. ಬೇರೆ ದಾರಿ ಕಾಣದೆ ರಚನಾ ತಾನೇ ಕಲ್ಲನ್ನು ಸರಿಸಿ ತಿರುವು ತೆಗೆದುಕೊಳ್ಳುತ್ತಾಳೆ. ಆಗ ಸಾವುಗಳ ಹಿಂದಿರುವುದು ಮಾಯಾ (ರಾಧಿಕಾ ಚೇತನ್) ಎಂಬ ಹೆಣ್ಣಿನ ಪ್ರೇತವೆಂದು ತಿಳಿಯುತ್ತದೆ. ಯಾರೋ ಸರಿಸಿ ಬಿಟ್ಟುಹೋದ ಕಲ್ಲಿನಿಂದಾದ ಅಪಘಾತದಲ್ಲಿ ಮಾಯಾ ಮತ್ತು ಅವಳ ಪುಟ್ಟ ಮಗಳು ಪ್ರಾಣ ಕಳೆದುಕೊಂಡಿದ್ದರು. ಆ ದಿನ ಕಲ್ಲು ಸರಿಸಿದವನು ಯಾರೆಂಬುದರ ಹುಡುಕಾಟ ಕೊನೆಗೆ ಮಾಯಾಳ ಗಂಡ ರಿತೇಶನ ಬಳಿಗೇ ಬಂದು ನಿಲ್ಲುತ್ತದೆ. ಸಾವಿನ ಬದಲು, ತನ್ನ ಕೃತ್ಯದ ಅರಿವಿನೊಂದಿಗೆ ಬದುಕುವುದೇ ಅವನ ಪಾಲಿನ ಶಿಕ್ಷೆಯಾಗುತ್ತದೆ.

ಕುತೂಹಲದ ರಚನೆ

ರಹಸ್ಯ ಮತ್ತು ಸಸ್ಪೆನ್ಸ್

ಸಸ್ಪೆನ್ಸ್ ಎಂಬ ಪದವನ್ನು ಕನ್ನಡದಲ್ಲಿ ಪತ್ತೇದಾರಿ ಕಥೆ, ಭಯಾನಕ ಕಥೆ, ಅಪರಾಧ ಕಥೆ ಎಲ್ಲಕ್ಕೂ ಸಡಿಲವಾಗಿ ಬಳಸುವ ರೂಢಿಯಿದೆ. ಚಿತ್ರವಿಮರ್ಶೆಯಲ್ಲಿ ರಹಸ್ಯವನ್ನೂ ಸಸ್ಪೆನ್ಸನ್ನೂ ಬೇರ್ಪಡಿಸುವುದು ಉಪಯುಕ್ತ. ಇಂಗ್ಲಿಷ್ ಚಿತ್ರಗಳ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ೧೯೬೨ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರೂಫೋ ಅವರೊಂದಿಗೆ ನಡೆಸಿದ ದೀರ್ಘ ಸಂವಾದದಲ್ಲಿ ಇದಕ್ಕೆ ಪ್ರಸಿದ್ಧ ಉದಾಹರಣೆಯೊಂದನ್ನು ಕೊಟ್ಟಿದ್ದಾರೆ. ಮೇಜಿನ ಕೆಳಗಿರುವ ಬಾಂಬು ಹಠಾತ್ತನೆ ಸಿಡಿದರೆ ಪ್ರೇಕ್ಷಕನಿಗೆ ಸಿಗುವುದು ಕೆಲವೇ ಕ್ಷಣಗಳ ಬೆಚ್ಚು. ಬಾಂಬು ಅಲ್ಲಿರುವುದು ಪ್ರೇಕ್ಷಕನಿಗೆ ಮೊದಲೇ ಗೊತ್ತಿದ್ದು, ಮೇಜಿನ ಸುತ್ತ ಕುಳಿತವರಿಗೆ ಗೊತ್ತಿಲ್ಲದಿದ್ದರೆ ಅವರ ಸಾಧಾರಣ ಹರಟೆಯೂ ಸಹಿಸಲಾಗದ ಆತಂಕವಾಗುತ್ತದೆ. ರಹಸ್ಯದಲ್ಲಿ ಪ್ರೇಕ್ಷಕನಿಗೆ ಮಾಹಿತಿ ಕಡಿಮೆ. ಸಸ್ಪೆನ್ಸ್‌ನಲ್ಲಿ ಪಾತ್ರಗಳಿಗಿಂತ ಹೆಚ್ಚು.

ಯು ಟರ್ನ್ ಚಿತ್ರ ಈ ಎರಡನ್ನೂ ಅನುಕ್ರಮವಾಗಿ ಬಳಸುತ್ತದೆ. ಮೊದಲ ಭಾಗದಲ್ಲಿ ಪ್ರೇಕ್ಷಕನಿಗೆ ರಚನಾಗಿಂತ ಹೆಚ್ಚೇನೂ ತಿಳಿದಿರುವುದಿಲ್ಲ. ಅದು ರಹಸ್ಯದ ಹಂತ. ಕಲ್ಲು ಸರಿಸಿದವರು ಅಂದೇ ಸಾಯುತ್ತಾರೆಂಬ ನಿಯಮ ಒಮ್ಮೆ ಸ್ಪಷ್ಟವಾದ ಮೇಲೆ, ಹೊಸದಾಗಿ ಯಾರೇ ಕಲ್ಲಿಗೆ ಕೈಹಾಕಿದರೂ ಅವರ ಗತಿ ಪ್ರೇಕ್ಷಕನಿಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅಲ್ಲಿಂದ ಸಸ್ಪೆನ್ಸ್ ಆರಂಭ. ಠಾಣೆಯ ದೃಶ್ಯದ ಬಿಗಿ ಹುಟ್ಟುವುದು ಇಲ್ಲಿಯೇ. ಬಂಧನದಲ್ಲಿರುವ ಯುವಕರಿಗೆ ಲಾಕಪ್ಪು ಅನ್ಯಾಯವೆಂದು ತೋರಿದರೆ, ಪ್ರೇಕ್ಷಕನಿಗೆ ಅದು ಅವರನ್ನು ಕಾಪಾಡಬಹುದಾದ ಏಕೈಕ ಜಾಗವೆಂದು ತೋರುತ್ತದೆ. ಆ ನಂಬಿಕೆಯೂ ಹುಸಿಯಾದಾಗ ಕಾನೂನಿನ ಗೋಡೆಗಳಿಗೆ ಈ ಕಥೆಯಲ್ಲಿ ಅರ್ಥವಿಲ್ಲವೆಂದು ಸ್ಥಿರವಾಗುತ್ತದೆ.

ಮೂರು ಪ್ರಶ್ನೆಗಳು

ಚಿತ್ರಕಥೆಯನ್ನು ಅದು ಎತ್ತುವ ಪ್ರಶ್ನೆಗಳ ಆಧಾರದ ಮೇಲೆ ಮೂರು ಭಾಗಗಳಾಗಿ ವಿಂಗಡಿಸಬಹುದು.

೧. ರಚನಾ ಕೊಲೆ ಮಾಡಿದಳೇ? ಈ ಪ್ರಶ್ನೆಯ ಆಯುಷ್ಯ ಚಿಕ್ಕದು. ನಾಯಕಿ ನಿರಪರಾಧಿಯೆಂದು ಪ್ರೇಕ್ಷಕನಿಗೆ ತಿಳಿದಿರುವುದರಿಂದ ಇಲ್ಲಿ ಕಾಡುವುದು ಪೊಲೀಸರು ಅದನ್ನು ನಂಬುತ್ತಾರೆಯೇ ಎಂಬ ಆತಂಕ.

೨. ಇವರೆಲ್ಲ ಏಕೆ ಸಾಯುತ್ತಿದ್ದಾರೆ? ಚಿತ್ರದ ಬಹುಭಾಗ ಈ ಪ್ರಶ್ನೆಯ ಮೇಲೆ ನಿಂತಿದೆ. ಇಲ್ಲಿ ದಾಖಲೆಗಳನ್ನು ಹೋಲಿಸಿ ನೋಡುವ ತನಿಖೆಯ ಕ್ರಮ ಮುಖ್ಯವಾಗುತ್ತದೆ.

೩. ಆ ದಿನ ಕಲ್ಲು ಸರಿಸಿದವರು ಯಾರು? ಸಾವುಗಳ ಕಾರಣ ತಿಳಿದ ಮೇಲೂ ಕಥೆ ಮುಗಿಯದಿರಲು ಈ ಪ್ರಶ್ನೆ ಕಾರಣ. ಕೊಲ್ಲುತ್ತಿರುವವರು ಯಾರೆಂಬುದರಿಂದ ಮೂಲ ಅಪರಾಧಿ ಯಾರೆಂಬುದರ ಕಡೆಗೆ ಕಥೆ ಹೊರಳುತ್ತದೆ.

ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಪ್ರೇಕ್ಷಕನ ನಿಲುವೂ ಬದಲಾಗಿರುತ್ತದೆ. ಮೊದಲು ಸತ್ತವರ ಪರವಾಗಿ ಮರುಗಿದ್ದವನು ಈಗ ಮಾಯಾಳ ಪರವಾಗಿ ಅಪರಾಧಿಯನ್ನು ಹುಡುಕತೊಡಗುತ್ತಾನೆ. ಚಿತ್ರದ ಶೀರ್ಷಿಕೆ ರಸ್ತೆಯ ತಿರುವನ್ನು ಹೇಳುವಂತೆಯೇ ಸಹಾನುಭೂತಿಯ ಈ ಹಿಂತಿರುವನ್ನೂ ಹೇಳುತ್ತದೆ.

ಉತ್ತರವು ಹುಡುಕುವವರ ಮನೆಯೊಳಗೇ ಇತ್ತೆಂಬ ವಿನ್ಯಾಸ ಪ್ರಾಚೀನವಾದದ್ದು. ಗ್ರೀಕ್ ನಾಟಕಕಾರ ಸೊಫೋಕ್ಲಿಸನ ಈಡಿಪಸ್ ನಾಟಕದಲ್ಲಿ ರಾಜ್ಯದ ಪಾಪಕ್ಕೆ ಕಾರಣನಾದವನನ್ನು ಹುಡುಕಹೊರಟ ದೊರೆ ತನ್ನನ್ನೇ ಕಂಡುಕೊಳ್ಳುತ್ತಾನೆ. ಪಿ. ಲಂಕೇಶ್ ಅವರ ಅನುವಾದ ದೊರೆ ಈಡಿಪಸ್ ಮೂಲಕ ಈ ನಾಟಕ ಕನ್ನಡ ರಂಗಭೂಮಿಗೆ ಪರಿಚಿತವಾಗಿದೆ. ಯು ಟರ್ನ್ ಚಿತ್ರದಲ್ಲಿ ಹುಡುಕುವವಳು ಮತ್ತು ಅಪರಾಧಿ ಒಬ್ಬರೇ ಅಲ್ಲ. ಆದರೂ ಅನ್ಯರನ್ನು ದಂಡಿಸುತ್ತ ಬಂದವಳಿಗೆ ತನ್ನವನೇ ಕಾರಣನೆಂದು ತಿಳಿಯುವ ವ್ಯಂಗ್ಯ ಅದೇ ಜಾತಿಯದು.

ದಾಖಲೆಗಳ ಪಾತ್ರ

ಚಿತ್ರದಲ್ಲಿ ಕಥೆಯನ್ನು ಮುಂದೊಯ್ಯುವ ಸಾಧನಗಳು ಬಹಳ ಸಾಮಾನ್ಯವಾದವು. ವಾಹನದ ನೋಂದಣಿ ಸಂಖ್ಯೆ, ಮಾಲೀಕನ ವಿಳಾಸ, ನಿರ್ಗತಿಕನ ಕೈಬರಹದ ಪುಸ್ತಕ, ಠಾಣೆಗಳಲ್ಲಿರುವ ಆತ್ಮಹತ್ಯೆಯ ಕಡತಗಳು. ಒಂದೊಂದೂ ಪ್ರತ್ಯೇಕವಾಗಿದ್ದಾಗ ನಿರ್ಜೀವ ಮಾಹಿತಿ. ಬೇರೆ ಬೇರೆ ಠಾಣೆಗಳಲ್ಲಿ ಬೇರೆ ಬೇರೆ ಆತ್ಮಹತ್ಯೆಗಳೆಂದು ಮುಚ್ಚಿಹೋದ ಕಡತಗಳನ್ನು ಒಂದೇ ಮೇಜಿನ ಮೇಲಿಟ್ಟು ದಿನಾಂಕಗಳನ್ನು ಹೋಲಿಸಿದಾಗ ಮಾತ್ರ ಅವುಗಳ ನಡುವಿನ ಸಂಬಂಧ ಕಾಣುತ್ತದೆ. ಮಹಾನಗರದಲ್ಲಿ ಎಲ್ಲವೂ ಎಲ್ಲೋ ಒಂದೆಡೆ ದಾಖಲಾಗಿರುತ್ತದೆ, ಒಟ್ಟಾಗಿ ಓದುವವರಿಲ್ಲ ಎಂಬ ಸಂಗತಿಯನ್ನು ಚಿತ್ರ ಸಂಭಾಷಣೆಯಲ್ಲಿ ಹೇಳದೆ ಘಟನೆಗಳ ಮೂಲಕ ತೋರಿಸುತ್ತದೆ.

ಸೇತುವೆಯ ಮೇಲಿನ ನಿರ್ಗತಿಕನ ಪಾತ್ರ ಈ ದೃಷ್ಟಿಯಿಂದ ಗಮನಾರ್ಹ. ಸ್ವತಃ ಯಾವ ದಾಖಲೆಯಲ್ಲೂ ಹೆಸರಿಲ್ಲದವನು ಎಲ್ಲರ ತಪ್ಪನ್ನೂ ದಾಖಲಿಸುತ್ತಾನೆ. ಅವನನ್ನು ಯಾರೂ ಮನುಷ್ಯನೆಂದು ಲೆಕ್ಕಕ್ಕೆ ತೆಗೆದುಕೊಳ್ಳದ ಕಾರಣದಿಂದಲೇ ಸವಾರರು ಅವನ ಎದುರಿನಲ್ಲಿ ಕಲ್ಲು ಸರಿಸಲು ಅಳುಕುವುದಿಲ್ಲ.

ವಸ್ತು

ಚಿತ್ರದ ಕೇಂದ್ರದಲ್ಲಿರುವ ತಪ್ಪು ತೀರ ಸಣ್ಣದು. ಸಸ್ಪೆನ್ಸ್ ಚಿತ್ರಗಳಲ್ಲಿ ಸಾಮಾನ್ಯವಾಗಿ ಅಪರಾಧವೆಂದರೆ ಕೊಲೆ, ಅಪಹರಣ, ದರೋಡೆ. ಇವು ಪ್ರೇಕ್ಷಕನ ಅನುಭವದ ಹೊರಗಿರುವುದರಿಂದ ಅವನು ನಿಶ್ಚಿಂತೆಯಿಂದ ಅಪರಾಧಿಯನ್ನು ದ್ವೇಷಿಸಬಹುದು. ಯು ಟರ್ನ್ ಚಿತ್ರದ ಅಪರಾಧವನ್ನು, ಅಥವಾ ಅದರಂಥ ಇನ್ನೊಂದನ್ನು, ಬಹುತೇಕ ಪ್ರೇಕ್ಷಕರು ಮಾಡಿರುತ್ತಾರೆ: ಏಕಮುಖ ರಸ್ತೆಯಲ್ಲಿ ಎದುರಾಗಿ ಹೋಗುವುದು, ಪಾದಚಾರಿ ಮಾರ್ಗದ ಮೇಲೆ ಸ್ಕೂಟರ್ ಏರಿಸುವುದು, ಕೆಂಪು ದೀಪವಿದ್ದರೂ ಎದುರಿಗೆ ಯಾರೂ ಇಲ್ಲವೆಂದು ದಾಟುವುದು.

ಚಿತ್ರ ಬಿಡುಗಡೆಯಾದ ಕಾಲದಲ್ಲಿ ಮೋಟಾರು ವಾಹನ ಕಾಯ್ದೆಯ ೧೭೭ನೆಯ ಕಲಮಿನ ಪ್ರಕಾರ ನಿಯಮಗಳ ಸಾಮಾನ್ಯ ಉಲ್ಲಂಘನೆಗೆ, ಮೊದಲ ಬಾರಿಯಾದರೆ, ಗರಿಷ್ಠ ದಂಡ ೧೦೦ ರೂಪಾಯಿ. ೨೦೧೯ರ ತಿದ್ದುಪಡಿ ಇದನ್ನು ೫೦೦ ರೂಪಾಯಿಗೆ ಏರಿಸಿತು. ಇನ್ನೊಂದು ಬದಿಯಲ್ಲಿ, ಕೇಂದ್ರ ಸರ್ಕಾರದ ಅಂಕಿ ಅಂಶಗಳಂತೆ ಭಾರತದಲ್ಲಿ ೨೦೧೬ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರ ಸಂಖ್ಯೆ ೧,೫೦,೭೮೫. ನೂರು ರೂಪಾಯಿಯ ತಪ್ಪಿಗೂ ಲಕ್ಷಾಂತರ ಸಾವುಗಳಿಗೂ ಇರುವ ಅಂತರವೇ ಚಿತ್ರದ ವಸ್ತು. ಕಾನೂನು ಕೃತ್ಯವನ್ನು ನೋಡಿ ದಂಡ ವಿಧಿಸುತ್ತದೆ. ಮಾಯಾ ಪರಿಣಾಮವನ್ನು ನೋಡಿ ಶಿಕ್ಷೆ ವಿಧಿಸುತ್ತಾಳೆ. ಕಲ್ಲು ಸರಿಸಿದವನಿಗೆ ತನ್ನ ಕೃತ್ಯದ ಪರಿಣಾಮ ಕಾಣುವುದೇ ಇಲ್ಲ, ಏಕೆಂದರೆ ಅಪಘಾತ ನಡೆಯುವ ಹೊತ್ತಿಗೆ ಅವನು ಮನೆ ಸೇರಿರುತ್ತಾನೆ. ರಿತೇಶನ ವಿಷಯದಲ್ಲಿ ಮಾತ್ರ ಆ ಪರಿಣಾಮ ಅವನಿಗಿಂತ ಮೊದಲೇ ಅವನ ಮನೆಯನ್ನು ತಲುಪುತ್ತದೆ.

ರಚನಾಳ ನಡೆಯೂ ಪೂರ್ತಿ ನಿಷ್ಕಳಂಕವಲ್ಲ. ನಾಗರಿಕರ ವಿಳಾಸಗಳನ್ನು ಅವಳು ಪಡೆಯುವುದು ಅರ್ಜಿಯ ಮೂಲಕವಲ್ಲ, ಪರಿಚಯದ ಮೂಲಕ. ಉದ್ದೇಶ ಒಳ್ಳೆಯದಿದ್ದರೂ ಅದೂ ಒಂದು ಅಡ್ಡದಾರಿ. ಇತರರಿಗೆ ನಿಯಮವನ್ನು ನೆನಪಿಸಹೊರಟವಳು ತಾನೂ ಒಂದು ನಿಯಮವನ್ನು ಬದಿಗೆ ಸರಿಸಿಯೇ ಹೊರಟಿರುತ್ತಾಳೆ. ಚಿತ್ರ ಇದನ್ನು ಒತ್ತಿ ಹೇಳುವುದಿಲ್ಲ. ಆದರೆ ಸಣ್ಣ ಉಲ್ಲಂಘನೆಗೆ ಪ್ರತಿಯೊಬ್ಬರ ಬಳಿಯೂ ಸಮರ್ಥನೆಯೊಂದು ಸಿದ್ಧವಾಗಿರುತ್ತದೆಂಬ ಅದರ ಮೂಲ ವಿಚಾರಕ್ಕೆ ಇದು ಹೊಂದಿಕೊಳ್ಳುತ್ತದೆ.

ವಿಮರ್ಶೆ

ಅಭಿನಯದಲ್ಲಿ ಶ್ರದ್ಧಾ ಶ್ರೀನಾಥ್ ಅವರ ಪಾತ್ರನಿರ್ವಹಣೆ ವಿಶೇಷವಾಗಿ ಗಮನ ಸೆಳೆಯುತ್ತದೆ. ೨೦೧೫ರಲ್ಲಿ ಕೋಹಿನೂರ್ ಎಂಬ ಮಲಯಾಳಂ ಚಿತ್ರದಲ್ಲಿ ನಟಿಸಿದ್ದ ಅವರಿಗೆ ಕನ್ನಡದಲ್ಲಿ ಹೆಸರು ತಂದುಕೊಟ್ಟ ಚಿತ್ರವಿದು. ರಚನಾ ಅತಿಮಾನುಷ ಧೈರ್ಯದ ನಾಯಕಿಯಲ್ಲ. ಮೊದಲ ವಿಚಾರಣೆಯಲ್ಲಿ ಅವಳಿಗೆ ಆಗುವ ಭಯ, ತನ್ನ ಪಟ್ಟಿಯಲ್ಲಿದ್ದವರೆಲ್ಲ ಸತ್ತಿದ್ದಾರೆಂದು ತಿಳಿದಾಗ ಉಂಟಾಗುವ ಅಪರಾಧಿ ಭಾವ, ಕೊನೆಗೆ ಬಲವಂತವಾಗಿ ತಂದುಕೊಳ್ಳುವ ನಿರ್ಧಾರ ಇವು ಕ್ರಮವಾಗಿ ಬೆಳೆಯುತ್ತವೆ. ನಾಯಕ್ ಪಾತ್ರವೂ ರೂಢಿಯ ಪೊಲೀಸ್ ಅಧಿಕಾರಿಗಿಂತ ಭಿನ್ನವಾಗಿದೆ. ಅವನ ಶಕ್ತಿಯಿರುವುದು ಹೊಡೆದಾಟದಲ್ಲಲ್ಲ, ಎದುರಿಗಿರುವವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದರಲ್ಲಿ.

ಚಿತ್ರದ ಬಗ್ಗೆ ಎತ್ತಬಹುದಾದ ಮೊದಲ ಆಕ್ಷೇಪ ಅದರ ಅಲೌಕಿಕ ಪರಿಹಾರಕ್ಕೆ ಸಂಬಂಧಿಸಿದ್ದು. ಅರ್ಧ ಚಿತ್ರದವರೆಗೆ ದಿನಾಂಕ, ವಿಳಾಸ, ಕಡತಗಳ ಮೂಲಕ ತರ್ಕಬದ್ಧವಾಗಿ ನಡೆದ ತನಿಖೆಗೆ ಪ್ರೇತವೇ ಉತ್ತರವಾದಾಗ, ಸುಳಿವುಗಳನ್ನು ಕೂಡಿಸಿ ಊಹಿಸುತ್ತಿದ್ದ ಪ್ರೇಕ್ಷಕನಿಗೆ ಆಟದ ನಿಯಮ ನಡುವೆ ಬದಲಾದಂತೆ ತೋರಬಹುದು. ಪತ್ತೇದಾರಿ ಕಥೆಯ ಸಂಪ್ರದಾಯದಲ್ಲಿ ಇದು ದೋಷವೇ. ಇದಕ್ಕೆ ಚಿತ್ರದ ಪರವಾಗಿ ಒಂದು ಸಮಾಧಾನವಿದೆ. ಪ್ರೇತ ಪ್ರವೇಶಿಸಿದ ಮೇಲೂ ತನಿಖೆ ನಿಲ್ಲುವುದಿಲ್ಲ. ಮಾಯಾಳಿಗೂ ಅಪರಾಧಿ ಯಾರೆಂದು ತಿಳಿದಿಲ್ಲ. ಅವಳಿಗೂ ವಾಹನದ ಸಂಖ್ಯೆಯೇ ಬೇಕು. ಅಲೌಕಿಕವು ಇಲ್ಲಿ ಸರ್ವಜ್ಞವಾಗಿರದೆ ಮನುಷ್ಯರಂತೆಯೇ ಮಾಹಿತಿಗಾಗಿ ತಡಕಾಡುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಸತ್ತವರಲ್ಲಿ ಹೆಚ್ಚಿನವರು ಮಾಯಾಳ ಸಾವಿಗೆ ಕಾರಣರಲ್ಲ. ಅವರು ಅದೇ ತಪ್ಪನ್ನು ಬೇರೊಂದು ದಿನ ಮಾಡಿದವರು. ಮೂಲ ಅಪರಾಧಿ ಜೀವಂತವಾಗಿ ಉಳಿದು, ಅಂಥದೇ ತಪ್ಪು ಮಾಡಿದ ಇತರರು ಪ್ರಾಣ ಕಳೆದುಕೊಳ್ಳುವ ಈ ಲೆಕ್ಕ ನ್ಯಾಯವೇ ಎಂಬ ಪ್ರಶ್ನೆಯನ್ನು ಚಿತ್ರ ಪೂರ್ತಿಯಾಗಿ ಎದುರಿಸುವುದಿಲ್ಲ. ಮಾಯಾಳ ದುಃಖ ಪ್ರೇಕ್ಷಕನನ್ನು ಆವರಿಸುವ ಹೊತ್ತಿಗೆ ಆ ಸಾವುಗಳು ಹಿನ್ನೆಲೆಗೆ ಸರಿದಿರುತ್ತವೆ.

ಮೂರನೆಯದು ಹೊಣೆಗಾರಿಕೆಯ ಪ್ರಶ್ನೆ. ಒಬ್ಬ ಸವಾರ ಕೈಯಿಂದ ಸರಿಸಬಹುದಾದ ಕಲ್ಲನ್ನು ಮೇಲ್ಸೇತುವೆಯ ವಿಭಜಕವಾಗಿ ಇಟ್ಟವರು ಯಾರು? ಅದು ಪದೇ ಪದೇ ಸ್ಥಾನ ಬದಲಿಸುತ್ತಿದ್ದರೂ ಅದನ್ನು ಭದ್ರಪಡಿಸದೆ ಬಿಟ್ಟವರು ಯಾರು? ನಿರ್ಗತಿಕನೊಬ್ಬ ಪುಸ್ತಕ ತುಂಬುವಷ್ಟು ಸಂಖ್ಯೆಗಳನ್ನು ಬರೆದುಕೊಳ್ಳಬಲ್ಲನಾದರೆ, ಆ ಉಲ್ಲಂಘನೆ ನಗರಾಡಳಿತಕ್ಕೂ ಸಂಚಾರ ಪೊಲೀಸರಿಗೂ ಕಾಣಿಸದಿರಲು ಕಾರಣವಿಲ್ಲ. ರಸ್ತೆ ಸುರಕ್ಷತೆಯ ತಜ್ಞರು ಮನುಷ್ಯನ ತಪ್ಪನ್ನು ನಿರೀಕ್ಷಿಸಿ, ಆ ತಪ್ಪು ಸಾವಿನಲ್ಲಿ ಕೊನೆಗೊಳ್ಳದಂತೆ ರಸ್ತೆಯನ್ನು ರೂಪಿಸಬೇಕೆಂದು ಹೇಳುತ್ತಾರೆ. ಈ ದೃಷ್ಟಿಯಿಂದ ನೋಡಿದರೆ ಚಿತ್ರದ ನೀತಿ ವ್ಯಕ್ತಿಯ ಆತ್ಮಸಾಕ್ಷಿಗೆ ಸೀಮಿತವಾಗಿದೆ. ಆದರೆ ಆ ಸೀಮಿತತೆಯೇ ಅದರ ಪರಿಣಾಮಕ್ಕೂ ಕಾರಣ. ವ್ಯವಸ್ಥೆಯನ್ನು ದೂರಿದ್ದರೆ ಪ್ರೇಕ್ಷಕನು ಹಗುರಾಗಿ ಮನೆಗೆ ಹೋಗುತ್ತಿದ್ದನು.

ಕನ್ನಡ ಸಸ್ಪೆನ್ಸ್ ಚಿತ್ರಗಳ ಪರಂಪರೆಯಲ್ಲಿ

ಕನ್ನಡದಲ್ಲಿ ಸಸ್ಪೆನ್ಸ್ ಚಿತ್ರಗಳಿಗೆ ಸ್ಪಷ್ಟವಾದ ಪರಂಪರೆಯಿದೆ. ಕಾಶೀನಾಥ್ ಅವರ ಅಪರಿಚಿತ (೧೯೭೮) ಕಡಿಮೆ ವೆಚ್ಚದಲ್ಲಿ, ಚಿತ್ರಕಥೆಯ ಬಲದಿಂದ ಯಶಸ್ವಿಯಾದ ಚಿತ್ರ. ಸುನಿಲ್ ಕುಮಾರ್ ದೇಸಾಯಿ ತರ್ಕ (೧೯೮೯) ಚಿತ್ರದಲ್ಲಿ ಹಾಡುಗಳನ್ನೇ ಕೈಬಿಟ್ಟು, ಉತ್ಕರ್ಷ ಮತ್ತು ನಿಷ್ಕರ್ಷ ಚಿತ್ರಗಳ ಮೂಲಕ ಈ ಪ್ರಕಾರಕ್ಕೆ ತಮ್ಮದೇ ಛಾಪು ಕೊಟ್ಟರು. ಉಪೇಂದ್ರ ಅವರ ಶ್! (೧೯೯೩) ಭಯ ಮತ್ತು ರಹಸ್ಯಗಳನ್ನು ಬೆರೆಸಿತು. ಅನೂಪ್ ಭಂಡಾರಿ ಅವರ ರಂಗಿತರಂಗ (೨೦೧೫) ಕರಾವಳಿಯ ಜನಪದ ಆಚರಣೆಗಳ ಹಿನ್ನೆಲೆಯಲ್ಲಿ ಕಥೆ ಹೆಣೆದು ಹೊಸ ಪೀಳಿಗೆಯ ಪ್ರೇಕ್ಷಕರನ್ನು ಸೆಳೆಯಿತು. ಯು ಟರ್ನ್ ಚಿತ್ರದ ಮಾಯಾ ಪಾತ್ರಧಾರಿ ರಾಧಿಕಾ ಚೇತನ್ ಆ ಚಿತ್ರದಲ್ಲಿಯೂ ಪ್ರಮುಖ ಪಾತ್ರ ವಹಿಸಿದ್ದರು.

ಈ ಸಾಲಿನಲ್ಲಿ ಯು ಟರ್ನ್ ಚಿತ್ರದ ವೈಶಿಷ್ಟ್ಯವೆಂದರೆ ನಗರದ ನಾಗರಿಕ ಸಮಸ್ಯೆಯೊಂದನ್ನು ಕಥೆಯ ಎಂಜಿನ್ ಆಗಿ ಮಾಡಿಕೊಂಡದ್ದು. ಬೆಂಗಳೂರಿನ ರಸ್ತೆಯನ್ನೇ ರಹಸ್ಯದ ನೆಲೆಯಾಗಿಸಿದ ಮತ್ತೊಂದು ಚಿತ್ರ ಹೇಮಂತ್ ಎಂ. ರಾವ್ ಅವರ ಕವಲುದಾರಿ (೨೦೧೯). ಅದರ ನಾಯಕ ಸಂಚಾರ ವಿಭಾಗದ ಪೊಲೀಸ್ ಅಧಿಕಾರಿ. ನೆಲ ಅಗೆಯುವಾಗ ಸಿಕ್ಕ ಅಸ್ಥಿಗಳಿಂದ ಹಳೆಯ ಅಪರಾಧವೊಂದರ ಶೋಧ ಆರಂಭವಾಗುತ್ತದೆ. ಕವಲುದಾರಿಯಲ್ಲಿ ರಸ್ತೆಯು ಹಳೆಯ ಅಪರಾಧವನ್ನು ಅಡಗಿಸಿಟ್ಟ ಜಾಗ. ಯು ಟರ್ನ್ ಚಿತ್ರದಲ್ಲಿ ರಸ್ತೆಯ ಮೇಲಿನ ವರ್ತನೆಯೇ ಅಪರಾಧ.

ಮರುನಿರ್ಮಾಣಗಳು

ಚಿತ್ರದ ಸಮಸ್ಯೆ ಯಾವ ದೊಡ್ಡ ನಗರಕ್ಕಾದರೂ ಒಪ್ಪುವಂಥದಾದ್ದರಿಂದ ಇದು ಹಲವು ಭಾಷೆಗಳಿಗೆ ಸುಲಭವಾಗಿ ಹೊಂದಿಕೊಂಡಿತು.

• ಮಲಯಾಳಂ: ಕೇರ್‌ಫುಲ್ (೨೦೧೭), ನಿರ್ದೇಶನ ವಿ. ಕೆ. ಪ್ರಕಾಶ್.
• ತೆಲುಗು ಮತ್ತು ತಮಿಳು: ಯು ಟರ್ನ್ (ಸೆಪ್ಟೆಂಬರ್ ೧೩, ೨೦೧೮), ನಿರ್ದೇಶನ ಪವನ್ ಕುಮಾರ್. ರಚನಾ ಪಾತ್ರದಲ್ಲಿ ಸಮಂತಾ, ಮಾಯಾ ಪಾತ್ರದಲ್ಲಿ ಭೂಮಿಕಾ ಚಾವ್ಲಾ.
• ಫಿಲಿಪ್ಪೀನ್ಸ್: ಯು ಟರ್ನ್ (೨೦೨೦), ಮುಖ್ಯ ಪಾತ್ರದಲ್ಲಿ ಕಿಮ್ ಚಿಯು.
• ಬಂಗಾಳಿ: ಫ್ಲೈಓವರ್ (೨೦೨೧), ಮುಖ್ಯ ಪಾತ್ರದಲ್ಲಿ ಕೋಯಲ್ ಮಲ್ಲಿಕ್.
• ಹಿಂದಿ: ಯು ಟರ್ನ್ (೨೦೨೩), ಮುಖ್ಯ ಪಾತ್ರದಲ್ಲಿ ಅಲಯಾ ಎಫ್. ಜೀ೫ ವೇದಿಕೆಯಲ್ಲಿ ಬಿಡುಗಡೆಯಾಯಿತು.

ಬೇರೆ ಭಾಷೆಗಳ ಯಶಸ್ವಿ ಚಿತ್ರಗಳನ್ನು ಮರುನಿರ್ಮಿಸುವ ರೂಢಿ ಬಲವಾಗಿದ್ದ ಕನ್ನಡ ಚಿತ್ರರಂಗದಲ್ಲಿ, ಇಷ್ಟು ಭಾಷೆಗಳಿಗೆ ಕಥೆಯನ್ನು ಕೊಟ್ಟ ಚಿತ್ರಗಳು ವಿರಳ.

ಪ್ರಶಸ್ತಿ

ರಚನಾ ಪಾತ್ರಕ್ಕಾಗಿ ಶ್ರದ್ಧಾ ಶ್ರೀನಾಥ್ ಅವರಿಗೆ ೬೪ನೆಯ ದಕ್ಷಿಣ ಭಾರತ ಫಿಲ್ಮ್‌ಫೇರ್ ಪ್ರಶಸ್ತಿ ಸಮಾರಂಭದಲ್ಲಿ (೨೦೧೭) ಕನ್ನಡದ ಅತ್ಯುತ್ತಮ ನಟಿ ಪ್ರಶಸ್ತಿ ದೊರೆಯಿತು.

ಅಧ್ಯಯನದ ದೃಷ್ಟಿಯಿಂದ

ಚಲನಚಿತ್ರ ರಸಗ್ರಹಣದ ವಿದ್ಯಾರ್ಥಿಗಳಿಗೆ ಯು ಟರ್ನ್ ಉಪಯುಕ್ತ ಪಠ್ಯವಾಗಬಲ್ಲದು. ಸಸ್ಪೆನ್ಸ್ ಚಿತ್ರವನ್ನು ವಿಶ್ಲೇಷಿಸುವಾಗ ಅಂತ್ಯದಲ್ಲಿ ಬಯಲಾಗುವ ರಹಸ್ಯವೊಂದನ್ನೇ ಮುಖ್ಯವೆಂದು ಭಾವಿಸುವುದು ಸಾಮಾನ್ಯ. ಆದರೆ ರಹಸ್ಯ ಒಮ್ಮೆ ತಿಳಿದ ಮೇಲೆ ಮತ್ತೆ ನೋಡಿದಾಗಲೂ ಚಿತ್ರ ನಿಲ್ಲುತ್ತದೆಯೇ ಎಂಬುದು ಹೆಚ್ಚು ಖಚಿತವಾದ ಪರೀಕ್ಷೆ. ಎರಡನೆಯ ಸಲ ನೋಡುವಾಗ ಕೆಳಗಿನ ಅಂಶಗಳನ್ನು ಗಮನಿಸಬಹುದು.

• ಪ್ರತಿ ದೃಶ್ಯದಲ್ಲಿ ಪ್ರೇಕ್ಷಕನಿಗೆ ತಿಳಿದಿರುವುದೆಷ್ಟು, ಪಾತ್ರಕ್ಕೆ ತಿಳಿದಿರುವುದೆಷ್ಟು ಎಂಬ ವ್ಯತ್ಯಾಸ.
• ಸಹಾನುಭೂತಿ ಸತ್ತವರಿಂದ ಮಾಯಾಳ ಕಡೆಗೆ ಹೊರಳುವ ನಿರ್ದಿಷ್ಟ ಘಟ್ಟ.
• ರಿತೇಶನ ಕುರಿತಾದ ಸತ್ಯಕ್ಕೆ ಮೊದಲೇ ಒದಗಿಸಲಾದ ಸುಳಿವುಗಳು, ಮತ್ತು 그ವು ಸಾಕಷ್ಟಿವೆಯೇ ಎಂಬುದು.
• ಪ್ರೇತದ ಪ್ರವೇಶದಿಂದ ತನಿಖೆಯ ತರ್ಕಕ್ಕೆ ಆಗುವ ಲಾಭ ಮತ್ತು ನಷ್ಟ.
• ಕಲ್ಲು ಸರಿಸುವ ಕ್ರಿಯೆಯನ್ನು ಚಿತ್ರ ಎಷ್ಟು ಬಾರಿ ತೋರಿಸುತ್ತದೆ, ಪ್ರತಿ ಬಾರಿಯೂ ಅದರ ಅರ್ಥ ಹೇಗೆ ಬದಲಾಗುತ್ತದೆ ಎಂಬುದು.

ಕೊನೆಯ ಅಂಶ ವಿಶೇಷವಾಗಿ ಫಲಕಾರಿ. ಮೊದಲ ಬಾರಿ ಅದು ಅವಸರದ ಸವಾರನೊಬ್ಬನ ಮಾಮೂಲಿ ಚಾತುರ್ಯದಂತೆ ಕಾಣುತ್ತದೆ. ನಡುವಿನಲ್ಲಿ ಅದು ಮರಣದ ಸೂಚನೆ. ರಚನಾ ತಾನೇ ಕಲ್ಲಿಗೆ ಕೈಹಚ್ಚಿದಾಗ ಅದು ಸತ್ಯಕ್ಕಾಗಿ ಒಡ್ಡಿಕೊಂಡ ಅಪಾಯ. ರಿತೇಶನ ಕೈಯಲ್ಲಿ ಅದು ಸ್ವಂತ ಮನೆಯನ್ನು ನಾಶಮಾಡಿದ ಕೃತ್ಯ. ನಾಲ್ಕೂ ಸಂದರ್ಭಗಳಲ್ಲಿ ನಡೆಯುವ ಕ್ರಿಯೆ ಒಂದೇ ಆಗಿದ್ದು, ಪ್ರೇಕ್ಷಕನಿಗೆ ತಿಳಿದಿರುವ ಸಂಗತಿಗಳು ಮಾತ್ರ ಬೇರೆಯಾಗಿರುತ್ತವೆ.